ಕ್ಲೌಡ್ ಕಡತಗಳ ಬ್ಯಾಕಪ್ ಮತ್ತು ಮರುಪಡೆಯುವಿಕೆ

ಅಂತರಜಾಲದ ಮೂಲಕ ಹಲವರು ಕೂಡಿ ಬಳಸುವ ಸಂಗ್ರಹ ವೇದಿಕೆಗಳಲ್ಲಿ ಅಳಿಸಿಹೋದ, ತಪ್ಪಾಗಿ ತಿದ್ದಲಾದ ಅಥವಾ ಹಾಳಾದ ಕಡತಗಳನ್ನು ಹಿಂದಿನ ಸ್ಥಿತಿಗೆ ತರುವ ಕ್ರಮವನ್ನು ಮರುಪಡೆಯುವಿಕೆ ಎನ್ನಲಾಗುತ್ತದೆ. ಅಂತಹ ನಷ್ಟವನ್ನು ಮುಂಗಂಡು ಮೂಲ ಕಡತಗಳಿಂದ ಬೇರೆಯಾದ ಪ್ರತಿಗಳನ್ನು ನಿಯಮಿತವಾಗಿ ಕಾಪಿಡುವುದು ಬ್ಯಾಕಪ್. ಗೂಗಲ್ ಡ್ರೈವ್, ಮೈಕ್ರೋಸಾಫ್ಟ್ ಒನ್‌ಡ್ರೈವ್, ಶೇರ್‌ಪಾಯಿಂಟ್ ಮತ್ತು ಡ್ರಾಪ್‌ಬಾಕ್ಸ್ ಈ ಬಗೆಯ ವೇದಿಕೆಗಳಲ್ಲಿ ಪ್ರಮುಖವಾದವು. ಇವುಗಳಲ್ಲಿ ಅಳಿಸಿದ ಕಡತ ಕೆಲವು ದಿನಗಳ ಕಾಲ ತಾತ್ಕಾಲಿಕ ಕೋಶವೊಂದರಲ್ಲಿ ಉಳಿಯುತ್ತದೆ. ಅವಧಿ ಮುಗಿದ ಮೇಲೆ ಸಾಮಾನ್ಯ ಬಳಕೆದಾರರು ಅದನ್ನು ಪಡೆಯಲಾಗದು.

ಕರ್ನಾಟಕದಲ್ಲಿ ಪಹಣಿ, ನೋಂದಣಿ ಪತ್ರ, ಅಂಕಪಟ್ಟಿ ಮತ್ತು ಮಾರುಕಟ್ಟೆ ವಹಿವಾಟುಗಳು ಗಣಕೀಕೃತ ರೂಪಕ್ಕೆ ಬಂದ ಬಳಿಕ ಈ ವಿಷಯ ಕಚೇರಿಗಳಿಗಷ್ಟೇ ಅಲ್ಲದೆ ರೈತರು, ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ಯಮಿಗಳಿಗೂ ಸಂಬಂಧಿಸಿದ್ದಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ದಾಖಲೆಗಳು ನಾಲ್ಕು ದಶಕಗಳಲ್ಲಿ ಕಂಡ ಆಡಳಿತಾತ್ಮಕ ಮತ್ತು ತಾಂತ್ರಿಕ ಬದಲಾವಣೆಗಳು ಇದಕ್ಕೆ ಉದಾಹರಣೆಯಾಗಿವೆ.

## ಸಿಂಕ್ ಮತ್ತು ಬ್ಯಾಕಪ್ ನಡುವಿನ ವ್ಯತ್ಯಾಸ

ಕ್ಲೌಡ್ ವೇದಿಕೆಗಳ ಮುಖ್ಯ ಕಾರ್ಯ ಸಿಂಕ್, ಅಂದರೆ ಒಂದೇ ಕಡತವನ್ನು ಕಂಪ್ಯೂಟರ್, ಮೊಬೈಲ್ ಮತ್ತು ಸರ್ವರ್‌ಗಳಲ್ಲಿ ಏಕರೂಪವಾಗಿ ಇಡುವುದು. ಒಂದೆಡೆ ಮಾಡಿದ ತಿದ್ದುಪಡಿ ಕ್ಷಣಮಾತ್ರದಲ್ಲಿ ಎಲ್ಲೆಡೆಯೂ ಕಾಣಿಸುತ್ತದೆ. ಇದೇ ಕಾರಣಕ್ಕೆ ಒಂದೆಡೆ ಕಡತವನ್ನು ಅಳಿಸಿದರೆ ಉಳಿದೆಡೆಗಳಲ್ಲೂ ಅದು ಅಳಿಯುತ್ತದೆ. ನಾಲ್ಕು ಸಾಧನಗಳಲ್ಲಿ ಕಾಣುವ ಸಿಂಕ್ ಆದ ಕಡತ ನಾಲ್ಕು ಪ್ರತಿಗಳಲ್ಲ. ಒಂದೇ ಪ್ರತಿಯ ನಾಲ್ಕು ನೋಟಗಳು.

ಬ್ಯಾಕಪ್ ಎನಿಸಿಕೊಳ್ಳಲು ಪ್ರತಿಯು ಮೂಲದಿಂದ ಸ್ವತಂತ್ರವಾಗಿರಬೇಕು. ಮೂಲದಲ್ಲಿ ಆದ ಅಳಿಸುವಿಕೆ ಅಥವಾ ದೋಷ ಅದನ್ನು ತಲುಪಬಾರದು, ಮತ್ತು ಹಿಂದಿನ ನಿರ್ದಿಷ್ಟ ದಿನದ ಸ್ಥಿತಿಯನ್ನು ಅದರಿಂದ ಮರಳಿ ಪಡೆಯಲು ಸಾಧ್ಯವಾಗಬೇಕು. ಸೇವಾದಾರ ಸಂಸ್ಥೆಗಳು ತಮ್ಮ ದತ್ತಾಂಶ ಕೇಂದ್ರಗಳಲ್ಲಿ ಪ್ರತಿ ಕಡತದ ಹಲವು ನಕಲುಗಳನ್ನು ಇಟ್ಟಿರುತ್ತವೆ. ಅವು ಡಿಸ್ಕ್ ಕೆಟ್ಟಾಗ ಅಥವಾ ಸರ್ವರ್ ನಿಂತಾಗ ಸೇವೆ ಮುಂದುವರಿಯಲೆಂದು ಇರುವಂಥವು. ಬಳಕೆದಾರರೇ ಕಡತವನ್ನು ಅಳಿಸಿದಾಗ ವ್ಯವಸ್ಥೆಯು ಆ ಆದೇಶವನ್ನು ಎಲ್ಲ ನಕಲುಗಳಿಗೂ ಅನ್ವಯಿಸುತ್ತದೆ.

## ದತ್ತಾಂಶ ನಷ್ಟದ ಕಾರಣಗಳು

* ಮಾನವ ದೋಷ: ತಪ್ಪು ಕಡತವನ್ನು ಅಳಿಸುವುದು, ಹಳೆಯ ಪ್ರತಿಯನ್ನು ಹೊಸದರ ಮೇಲೆ ಉಳಿಸುವುದು, ಹಂಚಿಕೊಂಡ ಫೋಲ್ಡರ್ ತನ್ನದೊಬ್ಬನದೇ ಎಂದು ಭಾವಿಸಿ ಖಾಲಿ ಮಾಡುವುದು.
* ಖಾತೆಯ ನಷ್ಟ: ನೌಕರರ ವರ್ಗಾವಣೆ, ನಿವೃತ್ತಿ ಅಥವಾ ಮರಣದ ನಂತರ ಖಾತೆ ಮುಚ್ಚಿಹೋಗುವುದು, ಗುಪ್ತಪದ ಮರೆತುಹೋಗುವುದು, ನೋಂದಾಯಿಸಿದ್ದ ಮೊಬೈಲ್ ಸಂಖ್ಯೆ ಬದಲಾಗುವುದು.
* ನಿಷ್ಕ್ರಿಯತೆ: ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅವುಗಳಲ್ಲಿರುವ ಕಡತಗಳೊಡನೆ ಅಳಿಸುವ ನೀತಿಯನ್ನು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. 2023ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂದಿತು.
* ಕುತಂತ್ರಾಂಶ: ರ‍್ಯಾನ್ಸಮ್‌ವೇರ್ ಕಡತಗಳನ್ನು ಗೂಢಲಿಪೀಕರಿಸಿ ಹಣ ಕೇಳುತ್ತದೆ. ಸಿಂಕ್ ಚಾಲ್ತಿಯಲ್ಲಿದ್ದರೆ ಹಾಳಾದ ಕಡತಗಳು ಕ್ಲೌಡ್‌ಗೂ ಹೋಗಿ ಸೇರುತ್ತವೆ.
* ತಂತ್ರಾಂಶದ ದೋಷ: 2023ರ ನವೆಂಬರ್‌ನಲ್ಲಿ ಕಂಪ್ಯೂಟರ್‌ಗಳಿಗಾಗಿರುವ ಗೂಗಲ್ ಡ್ರೈವ್ ತಂತ್ರಾಂಶದ 84ನೆಯ ಆವೃತ್ತಿಯ ಕೆಲವು ಬಳಕೆದಾರರಿಗೆ ಇನ್ನೂ ಸಿಂಕ್ ಆಗದಿದ್ದ ಕಡತಗಳು ಕಾಣೆಯಾದವು. ಗೂಗಲ್ ನಂತರ ಮರುಪಡೆಯುವ ಸಾಧನವನ್ನು ಒದಗಿಸಿತು.
* ಭೌತಿಕ ಅವಘಡ: ಬೆಂಕಿ, ಪ್ರವಾಹ, ಸಿಡಿಲು, ಕಳವು.

## ಅಳಿಸಿದ ಕಡತದ ಹಂತಗಳು

ಕ್ಲೌಡ್ ವೇದಿಕೆಯಲ್ಲಿ ಅಳಿಸುವ ಕ್ರಿಯೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಕಡತವು ಟ್ರ್ಯಾಶ್ ಅಥವಾ ರೀಸೈಕಲ್ ಬಿನ್ ಎಂಬ ಕೋಶಕ್ಕೆ ಹೋಗುತ್ತದೆ. ಅಲ್ಲಿಂದ ಬಳಕೆದಾರರೇ ಅದನ್ನು ಹಿಂದಕ್ಕೆ ತರಬಹುದು. ಎರಡನೆಯ ಹಂತದಲ್ಲಿ ಬಳಕೆದಾರರಿಗೆ ಅದು ಕಾಣಿಸದಿದ್ದರೂ ಸಂಸ್ಥೆಯ ನಿರ್ವಾಹಕರು ಸೀಮಿತ ಅವಧಿಯವರೆಗೆ ಮರಳಿಸಬಹುದು. ಮೂರನೆಯ ಹಂತದಲ್ಲಿ ಕಡತ ಶಾಶ್ವತವಾಗಿ ಅಳಿಯುತ್ತದೆ.

| ವೇದಿಕೆ | ಮೊದಲ ಹಂತದ ಅವಧಿ | ನಂತರದ ಅವಕಾಶ |
|---|---|---|
| ಗೂಗಲ್ ಡ್ರೈವ್, ವೈಯಕ್ತಿಕ | 30 ದಿನ | ನಿರ್ವಾಹಕರ ಸೌಲಭ್ಯವಿಲ್ಲ |
| ಗೂಗಲ್ ವರ್ಕ್‌ಸ್ಪೇಸ್, ಸಂಸ್ಥೆಗಳಿಗೆ | 30 ದಿನ | ಟ್ರ್ಯಾಶ್ ಖಾಲಿಯಾದ ಬಳಿಕ 25 ದಿನಗಳೊಳಗೆ ನಿರ್ವಾಹಕರು ಮರಳಿಸಬಹುದು |
| ಒನ್‌ಡ್ರೈವ್, ವೈಯಕ್ತಿಕ | 30 ದಿನ | ನಿರ್ವಾಹಕರ ಸೌಲಭ್ಯವಿಲ್ಲ |
| ಒನ್‌ಡ್ರೈವ್ ಮತ್ತು ಶೇರ್‌ಪಾಯಿಂಟ್, ಸಂಸ್ಥೆ ಹಾಗೂ ಶಾಲೆಗಳಿಗೆ | ಎರಡು ಹಂತದ ಕೋಶಗಳೂ ಸೇರಿ 93 ದಿನ | ಶೇರ್‌ಪಾಯಿಂಟ್‌ನಲ್ಲಿ ಇನ್ನೂ 14 ದಿನ ಮೈಕ್ರೋಸಾಫ್ಟ್ ನೆರವು ಕೋರಬಹುದು |
| ಡ್ರಾಪ್‌ಬಾಕ್ಸ್ | ಸಾಮಾನ್ಯ ಯೋಜನೆಗಳಲ್ಲಿ 30 ದಿನ | ವೃತ್ತಿಪರ ಯೋಜನೆಗಳಲ್ಲಿ ಅವಧಿ 180 ದಿನ ಅಥವಾ ಹೆಚ್ಚು |

ಗೂಗಲ್ ಡ್ರೈವ್‌ನಲ್ಲಿ 2020ರ ಅಕ್ಟೋಬರ್ 13ಕ್ಕೆ ಮುಂಚೆ ಟ್ರ್ಯಾಶ್‌ಗೆ ಹಾಕಿದ ಕಡತಗಳು ಬಳಕೆದಾರರು ಖಾಲಿ ಮಾಡುವವರೆಗೂ ಅಲ್ಲೇ ಇರುತ್ತಿದ್ದವು. ಆ ದಿನದಿಂದ 30 ದಿನಗಳ ಮಿತಿ ಬಂದಿತು. ಬಳಕೆದಾರರು ಟ್ರ್ಯಾಶನ್ನು ತಾವೇ ಖಾಲಿ ಮಾಡಿದರೆ ಈ ಅವಧಿಯ ಪ್ರಯೋಜನ ದೊರೆಯದು. ಮೈಕ್ರೋಸಾಫ್ಟ್ ಟೀಮ್ಸ್‌ನ ವಾಹಿನಿಗಳಲ್ಲಿ ಹಂಚಿದ ಕಡತಗಳು ವಾಸ್ತವವಾಗಿ ಶೇರ್‌ಪಾಯಿಂಟ್‌ನಲ್ಲಿಯೂ, ಖಾಸಗಿ ಮಾತುಕತೆಯಲ್ಲಿ ಕಳುಹಿಸಿದವು ಕಳುಹಿಸಿದವರ ಒನ್‌ಡ್ರೈವ್‌ನಲ್ಲಿಯೂ ಇರುವುದರಿಂದ ಅವುಗಳನ್ನು ಅಲ್ಲಿಯೇ ಹುಡುಕಬೇಕಾಗುತ್ತದೆ.

### ಆವೃತ್ತಿ ಇತಿಹಾಸ

ಕಡತ ಅಳಿಯದೆ ಅದರೊಳಗಿನ ಬರಹ ಮಾತ್ರ ಹಾಳಾದಾಗ ಆವೃತ್ತಿ ಇತಿಹಾಸ ನೆರವಾಗುತ್ತದೆ. ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ನಲ್ಲಿ ಯಾರು ಯಾವಾಗ ಏನನ್ನು ತಿದ್ದಿದರು ಎಂಬ ವಿವರ ಉಳಿಯುತ್ತದೆ. ಹಿಂದಿನ ಯಾವುದಾದರೊಂದು ಆವೃತ್ತಿಯನ್ನು ಆರಿಸಿ ಮರುಸ್ಥಾಪಿಸಬಹುದು. ಪಿಡಿಎಫ್, ಚಿತ್ರ ಮುಂತಾದ ಇತರ ಕಡತಗಳ ಹಳೆಯ ಆವೃತ್ತಿಗಳನ್ನು ಗೂಗಲ್ ಡ್ರೈವ್ 30 ದಿನಗಳ ನಂತರ ಅಥವಾ 100 ಆವೃತ್ತಿಗಳು ತುಂಬಿದ ನಂತರ ಅಳಿಸಬಹುದು. ಬೇಕಾದ ಆವೃತ್ತಿಯನ್ನು ಶಾಶ್ವತವಾಗಿ ಉಳಿಸುವಂತೆ ಗುರುತಿಸುವ ಆಯ್ಕೆಯಿದೆ. ಒನ್‌ಡ್ರೈವ್‌ನ ಸಂಸ್ಥೆಗಳ ಖಾತೆ ಮತ್ತು ಮೈಕ್ರೋಸಾಫ್ಟ್ 365 ಚಂದಾದಾರರ ಖಾತೆಗಳಲ್ಲಿ ಕಳೆದ 30 ದಿನಗಳೊಳಗಿನ ಒಂದು ಕ್ಷಣಕ್ಕೆ ಇಡೀ ಸಂಗ್ರಹವನ್ನೇ ಹಿಂದಿರುಗಿಸಬಹುದು. ರ‍್ಯಾನ್ಸಮ್‌ವೇರ್ ದಾಳಿಯಂತಹ ಸಂದರ್ಭದಲ್ಲಿ ಇದು ಉಪಯುಕ್ತ.

### ಮಾಲೀಕತ್ವ

ಹಂಚಿಕೊಂಡ ಕಡತ ಕಾಣೆಯಾದಾಗ ಮೊದಲು ತಿಳಿಯಬೇಕಾದುದು ಅದರ ಮಾಲೀಕರು ಯಾರೆಂಬುದು. ಗೂಗಲ್ ಡ್ರೈವ್‌ನಲ್ಲಿ ಹಂಚಿಕೆ ಪಡೆದವರು ಕಡತವನ್ನು ತೆಗೆದುಹಾಕಿದರೆ ಅದು ಅವರ ನೋಟದಿಂದ ಮಾತ್ರ ಮರೆಯಾಗುತ್ತದೆ. ಮಾಲೀಕರು ಶಾಶ್ವತವಾಗಿ ಅಳಿಸಿದರೆ ಎಲ್ಲರಿಗೂ ಇಲ್ಲವಾಗುತ್ತದೆ. ಒಬ್ಬರ ಫೋಲ್ಡರ್‌ನಿಂದ ಇನ್ನೊಬ್ಬರು ಕಡತವನ್ನು ಹೊರತೆಗೆದಾಗ ಅದು ಮಾಲೀಕರ ಸಂಗ್ರಹದಲ್ಲಿ ಉಳಿದಿರುತ್ತದೆ; ಹೆಸರಿನಿಂದ ಹುಡುಕಿದರೆ ಸಿಗುತ್ತದೆ.

ಶಾಲೆಯ ದಾಖಲಾತಿ ಪಟ್ಟಿ, ಸಹಕಾರ ಸಂಘದ ಲೆಕ್ಕ, ಪಂಚಾಯಿತಿಯ ನಡಾವಳಿಗಳಂತಹ ಸಾಮೂಹಿಕ ದಾಖಲೆಗಳು ಒಬ್ಬ ಶಿಕ್ಷಕರ ಅಥವಾ ಕಾರ್ಯದರ್ಶಿಯ ವೈಯಕ್ತಿಕ ಖಾತೆಯಲ್ಲಿದ್ದರೆ ಅವರ ವರ್ಗಾವಣೆಯೊಂದಿಗೆ ದಾಖಲೆಯೂ ಕೈತಪ್ಪಬಹುದು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರರ ಖಾತೆಯನ್ನು 20 ದಿನಗಳೊಳಗೆ ಮಾತ್ರ ಮರಳಿಸಬಹುದು. ಮೈಕ್ರೋಸಾಫ್ಟ್ 365ರಲ್ಲಿ ಅಳಿಸಿದ ನೌಕರರ ಒನ್‌ಡ್ರೈವ್ ಸಂಗ್ರಹವನ್ನು ಪೂರ್ವನಿಗದಿಯಾಗಿ 30 ದಿನ ಉಳಿಸಲಾಗುತ್ತದೆ. ನಿರ್ವಾಹಕರು ಈ ಅವಧಿಯನ್ನು ಹೆಚ್ಚಿಸಬಹುದು. ಗೂಗಲ್‌ನ ಹಂಚಿಕೆಯ ಡ್ರೈವ್ ಮತ್ತು ಶೇರ್‌ಪಾಯಿಂಟ್ ತಾಣಗಳಲ್ಲಿ ಕಡತಗಳು ವ್ಯಕ್ತಿಯ ಬದಲು ಸಂಸ್ಥೆಗೆ ಸೇರಿರುವುದರಿಂದ ಈ ತೊಂದರೆ ಕಡಿಮೆ.

### ಮರುಪಡೆಯುವ ಕ್ರಮ

1. ಕಡತ ನಿಜವಾಗಿ ಅಳಿದಿದೆಯೇ, ಬೇರೆ ಫೋಲ್ಡರ್‌ಗೆ ಸ್ಥಳಾಂತರವಾಗಿದೆಯೇ ಎಂದು ಹೆಸರು, ವಿಧ ಮತ್ತು ದಿನಾಂಕಗಳಿಂದ ಹುಡುಕುವುದು. ಬೇರೊಂದು ಖಾತೆಯಿಂದ ಪ್ರವೇಶಿಸಿರುವ ಸಾಧ್ಯತೆಯನ್ನೂ ಪರಿಶೀಲಿಸುವುದು.
2. ಕುತಂತ್ರಾಂಶದ ಶಂಕೆಯಿದ್ದರೆ ಆ ಕಂಪ್ಯೂಟರನ್ನು ಅಂತರಜಾಲದಿಂದ ಬೇರ್ಪಡಿಸಿ ಸಿಂಕ್ ನಿಲ್ಲಿಸುವುದು.
3. ಚಟುವಟಿಕೆ ವಿವರದಲ್ಲಿ ಯಾರಿಂದ, ಯಾವಾಗ ಬದಲಾವಣೆಯಾಯಿತೆಂದು ನೋಡುವುದು.
4. ಟ್ರ್ಯಾಶ್ ಅಥವಾ ರೀಸೈಕಲ್ ಬಿನ್‌ನಿಂದ ಮರಳಿಸುವುದು. ಬರಹ ಮಾತ್ರ ಹಾಳಾಗಿದ್ದರೆ ಆವೃತ್ತಿ ಇತಿಹಾಸವನ್ನು ಬಳಸುವುದು.
5. ಅಲ್ಲಿ ದೊರೆಯದಿದ್ದರೆ ತಡಮಾಡದೆ ಸಂಸ್ಥೆಯ ನಿರ್ವಾಹಕರಿಗೆ ತಿಳಿಸುವುದು. ಎರಡನೆಯ ಹಂತದ ಅವಧಿ ಚಿಕ್ಕದಾದ್ದರಿಂದ ಪ್ರತಿ ದಿನವೂ ಮುಖ್ಯ.
6. ಯಾವುದೂ ಫಲಿಸದಿದ್ದರೆ ಸ್ವತಂತ್ರ ಬ್ಯಾಕಪ್‌ನಿಂದ ಪಡೆಯುವುದು. ಇಮೇಲ್ ಲಗತ್ತು, ಮೊಬೈಲ್‌ನ ಡೌನ್‌ಲೋಡ್ ಫೋಲ್ಡರ್ ಮತ್ತು ಮುದ್ರಿತ ಪ್ರತಿಗಳಿಂದಲೂ ಕೆಲವೊಮ್ಮೆ ದಾಖಲೆಯನ್ನು ಪುನರ್ರಚಿಸಬಹುದು.

ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಿಂದ ಅಳಿಸಿದ ಕಡತಗಳನ್ನು ಹುಡುಕುವ ತಂತ್ರಾಂಶಗಳು ಸೇವಾದಾರರ ಸರ್ವರ್‌ಗಳಲ್ಲಿ ಕೆಲಸ ಮಾಡಲಾರವು. ಸ್ಥಳೀಯ ಕಂಪ್ಯೂಟರ್‌ನಲ್ಲಿ ಸಿಂಕ್ ಪ್ರತಿ ಇದ್ದಿದ್ದರೆ ಮಾತ್ರ ಅವುಗಳಿಂದ ಪ್ರಯೋಜನವಾಗಬಹುದು.

## ಬ್ಯಾಕಪ್ ವಿಧಾನಗಳು

### 3-2-1 ನಿಯಮ

ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಲಿತವಾದ 3-2-1 ನಿಯಮದ ಪ್ರಕಾರ ಮುಖ್ಯ ದತ್ತಾಂಶದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಮತ್ತು ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿರಬೇಕು. ಕ್ಲೌಡ್‌ನಲ್ಲಿರುವ ಮೂಲ ಕಡತ, ಕಚೇರಿಯ ಹಾರ್ಡ್ ಡಿಸ್ಕ್‌ನಲ್ಲಿರುವ ಪ್ರತಿ ಮತ್ತು ಬೇರೆ ಊರಿನಲ್ಲಿ ಅಥವಾ ಬೇರೆ ಸೇವಾದಾರರಲ್ಲಿ ಇಟ್ಟಿರುವ ಪ್ರತಿ ಸೇರಿದರೆ ಈ ನಿಯಮ ಪೂರ್ಣವಾಗುತ್ತದೆ. ರ‍್ಯಾನ್ಸಮ್‌ವೇರ್ ಹಾವಳಿಯ ನಂತರ, ನಿಗದಿತ ಅವಧಿಯವರೆಗೆ ಯಾರೂ ಬದಲಿಸಲಾಗದ ಒಂದು ಪ್ರತಿಯನ್ನೂ ಇಡುವ ಪದ್ಧತಿ ಬೆಳೆದಿದೆ.

### ಪೂರ್ಣ ಮತ್ತು ಹೆಚ್ಚುವರಿ ಬ್ಯಾಕಪ್

ಪೂರ್ಣ ಬ್ಯಾಕಪ್‌ನಲ್ಲಿ ಎಲ್ಲ ಕಡತಗಳನ್ನೂ ಪ್ರತಿ ಬಾರಿ ನಕಲಿಸಲಾಗುತ್ತದೆ. ಹೆಚ್ಚುವರಿ ಬ್ಯಾಕಪ್‌ನಲ್ಲಿ ಹಿಂದಿನ ಬ್ಯಾಕಪ್‌ನ ನಂತರ ಬದಲಾದವುಗಳನ್ನು ಮಾತ್ರ ನಕಲಿಸಲಾಗುತ್ತದೆ. ಎರಡನೆಯದಕ್ಕೆ ಸ್ಥಳ ಮತ್ತು ಸಮಯ ಕಡಿಮೆ ಸಾಕು. ಆದರೆ ಮರಳಿಸುವಾಗ ಪೂರ್ಣ ಪ್ರತಿಯೂ ಅದರ ನಂತರದ ಹೆಚ್ಚುವರಿ ಪ್ರತಿಗಳೂ ಸರಣಿಯಾಗಿ ಬೇಕಾಗುತ್ತವೆ. ಸರಣಿಯ ಒಂದು ಕೊಂಡಿ ಹಾಳಾದರೂ ನಂತರದ ಬದಲಾವಣೆಗಳು ದೊರೆಯದಿರಬಹುದು.

### ಎರಡು ಮಾನದಂಡಗಳು

ಬ್ಯಾಕಪ್ ಯೋಜನೆಯನ್ನು ಎರಡು ಪ್ರಶ್ನೆಗಳು ನಿರ್ಧರಿಸುತ್ತವೆ: ಎಷ್ಟು ಕಾಲದ ಕೆಲಸ ಕಳೆದುಹೋದರೆ ಸಹಿಸಬಹುದು, ಮತ್ತು ಎಷ್ಟು ಕಾಲ ಸೇವೆ ನಿಂತರೆ ಸಹಿಸಬಹುದು. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಂತಹ ಇ-ಹರಾಜು ವ್ಯವಸ್ಥೆಯನ್ನು ಇಲ್ಲಿ ಉದಾಹರಿಸಬಹುದು. ರಾತ್ರಿ ಮಾತ್ರ ಬ್ಯಾಕಪ್ ಆಗುವ ವ್ಯವಸ್ಥೆ ಮಧ್ಯಾಹ್ನ ಕೆಟ್ಟರೆ ಬೆಳಗಿನ ಹರಾಜಿನ ಲಾಟ್ ಸಂಖ್ಯೆ, ತೂಕ ಮತ್ತು ದರಗಳೆಲ್ಲ ಕಳೆದುಹೋಗುತ್ತವೆ. ರೈತರಿಗೆ ಸಲ್ಲಬೇಕಾದ ಹಣದ ಲೆಕ್ಕಕ್ಕೆ ಆಧಾರವಿಲ್ಲದಂತಾಗುತ್ತದೆ. ಅಂತಹ ವ್ಯವಸ್ಥೆಗೆ ಪ್ರತಿ ವಹಿವಾಟನ್ನೂ ಕೂಡಲೇ ಮತ್ತೊಂದೆಡೆ ದಾಖಲಿಸುವ ಏರ್ಪಾಡು ಬೇಕು. ಚನ್ನಪಟ್ಟಣದ ಬೊಂಬೆ ತಯಾರಕರೊಬ್ಬರ ವಿನ್ಯಾಸ ಚಿತ್ರಗಳಿಗಾದರೆ ವಾರಕ್ಕೊಮ್ಮೆ ತೆಗೆದ ಪ್ರತಿ ಸಾಕಾಗಬಹುದು.

### ಮರುಸ್ಥಾಪನೆಯ ಪರೀಕ್ಷೆ

ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಎಂದು ಹೇಳಲಾಗದು. ಆದ್ದರಿಂದ ನಿಗದಿತ ಕಾಲಕ್ಕೊಮ್ಮೆ ಕೆಲವು ಕಡತಗಳನ್ನು ಬೇರೆ ಸ್ಥಳಕ್ಕೆ ಮರಳಿಸಿ, ಅವು ತೆರೆಯುತ್ತವೆಯೇ ಮತ್ತು ಪೂರ್ಣವಾಗಿವೆಯೇ ಎಂದು ಪರಿಶೀಲಿಸಲಾಗುತ್ತದೆ. ಮೂಲ ಮತ್ತು ಪ್ರತಿಗಳ ಹ್ಯಾಶ್ ಮೌಲ್ಯಗಳನ್ನು ಹೋಲಿಸಿದರೆ ಒಂದಕ್ಷರದ ವ್ಯತ್ಯಾಸವೂ ಪತ್ತೆಯಾಗುತ್ತದೆ.

### ವೈಯಕ್ತಿಕ ಬಳಕೆದಾರರ ವಿಧಾನ

ಗೂಗಲ್ ಖಾತೆಯ ದತ್ತಾಂಶವನ್ನು ಒಟ್ಟಾಗಿ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಎಂಬ ಸೇವೆಯಿದೆ. ಕಂಪ್ಯೂಟರ್‌ನ ಡ್ರೈವ್ ಫೋಲ್ಡರ್‌ನಲ್ಲಿ ಕಾಣುವ ಗೂಗಲ್ ಡಾಕ್ಸ್ ಮತ್ತು ಶೀಟ್ಸ್ ಕಡತಗಳು ಅಂತರಜಾಲದ ಮೂಲ ದಾಖಲೆಗೆ ಕೊಂಡಿಗಳು ಮಾತ್ರ. ಅವುಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿದರೆ ಬರಹ ನಕಲಾಗುವುದಿಲ್ಲ. ವರ್ಡ್, ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡಾಗಲೇ ನಿಜವಾದ ಪ್ರತಿ ದೊರೆಯುತ್ತದೆ.

## ಕರ್ನಾಟಕದ ಭೂದಾಖಲೆಗಳು ಮತ್ತು ರಾಮನಗರ ಜಿಲ್ಲೆ

### ಒಂದೇ ಪ್ರತಿಯ ಕಾಲ

ಗಣಕೀಕರಣಕ್ಕೆ ಮುಂಚೆ ಕರ್ನಾಟಕದ ಪಹಣಿಗಳನ್ನು ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದರು. ಚಾಲ್ತಿ ದಾಖಲೆ ಅವರ ವಶದಲ್ಲೇ ಇರುತ್ತಿದ್ದುದರಿಂದ ಪುಸ್ತಕ ಕಳೆದರೆ, ಹರಿದರೆ ಅಥವಾ ತಿದ್ದಲ್ಪಟ್ಟರೆ ಅದನ್ನು ತಾಳೆ ನೋಡಲು ರೈತರಿಗೆ ಸುಲಭ ಮಾರ್ಗವಿರಲಿಲ್ಲ. ಸಾಲ, ಪಾಲುಪಟ್ಟಿ, ಮಾರಾಟ ಮತ್ತು ಬೆಳೆವಿಮೆಗಳಿಗೆ ಪಹಣಿಯೇ ಆಧಾರವಾದ್ದರಿಂದ ದಾಖಲೆಯ ನಷ್ಟ ಜಮೀನಿನ ಹಕ್ಕಿನ ಮೇಲೆಯೇ ಪರಿಣಾಮ ಬೀರುತ್ತಿತ್ತು.

### ಭೂಮಿ ಯೋಜನೆ

ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ರೂಪಿಸಿದ ಭೂಮಿ ಯೋಜನೆ 2000ದ ದಶಕದ ಆರಂಭದಲ್ಲಿ ರಾಜ್ಯದ ತಾಲ್ಲೂಕುಗಳಲ್ಲಿ ಜಾರಿಗೆ ಬಂದಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಗಣಕೀಕೃತವಾದವು. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಸಿಬ್ಬಂದಿ ಬೆರಳಚ್ಚಿನ ಮೂಲಕ ಪ್ರವೇಶಿಸಬೇಕಾಗಿದ್ದರಿಂದ ಯಾವ ಬದಲಾವಣೆ ಯಾರಿಂದಾಯಿತೆಂಬುದು ದಾಖಲಾಗತೊಡಗಿತು. ಆರಂಭದಲ್ಲಿ ತಾಲ್ಲೂಕು ಕಚೇರಿಗಳ ಕಂಪ್ಯೂಟರ್‌ಗಳಲ್ಲಿದ್ದ ದತ್ತಾಂಶವನ್ನು ನಂತರ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕೇಂದ್ರೀಕರಿಸಲಾಯಿತು.

ಭೂಮಿ ವ್ಯವಸ್ಥೆಯಲ್ಲಿ ಪ್ರತಿ ಹಕ್ಕು ಬದಲಾವಣೆಗೂ ಮ್ಯುಟೇಷನ್ ಸಂಖ್ಯೆಯಿರುತ್ತದೆ. ಹಿಂದಿನ ವರ್ಷಗಳ ಪಹಣಿಗಳನ್ನೂ ನೋಡಬಹುದು. ಹಳೆಯ ನಮೂದನ್ನು ಅಳಿಸದೆ ಹೊಸದನ್ನು ಸೇರಿಸುವ ಈ ಕಂದಾಯ ಪದ್ಧತಿ ಕ್ಲೌಡ್ ವೇದಿಕೆಗಳ ಆವೃತ್ತಿ ಇತಿಹಾಸವನ್ನು ಹೋಲುತ್ತದೆ.

### ಜಿಲ್ಲೆಯ ಬದಲಾವಣೆಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 1986ರವರೆಗೆ ಅವಿಭಜಿತ ಬೆಂಗಳೂರು ಜಿಲ್ಲೆಗೆ, ನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಈ ನಾಲ್ಕೂ ಸೇರಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹೀಗಾಗಿ ಒಂದೇ ಗ್ರಾಮದ ದಾಖಲೆಗಳ ಮೇಲೆ ಕಾಲಕಾಲಕ್ಕೆ ಬೇರೆ ಬೇರೆ ಜಿಲ್ಲೆಗಳ ಹೆಸರುಗಳಿವೆ.

ಇಂತಹ ಬದಲಾವಣೆಗಳು ಗಣಕೀಕೃತ ಸಂಗ್ರಹಕ್ಕೂ ಅನ್ವಯಿಸುತ್ತವೆ. ಗೂಗಲ್ ಡ್ರೈವ್ ಕಡತಗಳನ್ನು ಆಂತರಿಕ ಗುರುತಿನಿಂದ ತಿಳಿಯುವುದರಿಂದ ಫೋಲ್ಡರ್‌ನ ಹೆಸರು ಬದಲಾದರೂ ಕೊಂಡಿಗಳು ನಡೆಯುತ್ತವೆ. ಫೋಲ್ಡರ್‌ನ ಹೆಸರನ್ನೇ ವಿಳಾಸವಾಗಿ ಬಳಸುವ ಕೊಂಡಿಗಳೂ ಬ್ಯಾಕಪ್ ತಂತ್ರಾಂಶಗಳೂ ಹೊಸ ಹೆಸರಿನ ಫೋಲ್ಡರನ್ನು ಹೊಸ ಸಂಗ್ರಹವೆಂದು ತಿಳಿದು ಹಳೆಯದನ್ನು ಅಳಿಸಲಾಗಿದೆ ಎಂದು ಪರಿಗಣಿಸಬಹುದು. ಹೆಸರು ಬದಲಿಸುವ ಮುನ್ನ ಪೂರ್ಣ ಬ್ಯಾಕಪ್ ತೆಗೆಯುವುದು ಮತ್ತು ಗ್ರಾಮ, ಹೋಬಳಿ, ತಾಲ್ಲೂಕುಗಳ ಹಳೆಯ ಹಾಗೂ ಹೊಸ ಹೆಸರುಗಳ ಹೊಂದಾಣಿಕೆ ಪಟ್ಟಿಯನ್ನು ಜೊತೆಗಿಡುವುದು ಇದಕ್ಕೆ ಪರಿಹಾರ.

### ಭೂ ಸುರಕ್ಷಾ ಮತ್ತು ಕಾವೇರಿ

ಭೂಮಿ ಯೋಜನೆ ಮುಖ್ಯವಾಗಿ ಚಾಲ್ತಿ ಪಹಣಿಗಳನ್ನು ಒಳಗೊಂಡಿತ್ತು. ಮಂಜೂರಾತಿ ಕಡತ, ಹಳೆಯ ರಿಜಿಸ್ಟರ್ ಮುಂತಾದವು ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಕಾಗದದ ರೂಪದಲ್ಲೇ ಉಳಿದಿದ್ದವು. ಅವುಗಳನ್ನು ಸ್ಕ್ಯಾನ್ ಮಾಡಿ ಸಂರಕ್ಷಿಸಲು ಮತ್ತು ತಿದ್ದುವಿಕೆ, ಕಳವುಗಳನ್ನು ತಡೆಯಲು ಕಂದಾಯ ಇಲಾಖೆ 2024ರಲ್ಲಿ ಭೂ ಸುರಕ್ಷಾ ಯೋಜನೆಯನ್ನು ಕೈಗೆತ್ತಿಕೊಂಡಿತು. ಸ್ಕ್ಯಾನ್ ಮಾಡುವುದರಿಂದ ಕಾಗದಕ್ಕೆ ಎರಡನೆಯ ಪ್ರತಿ ದೊರೆಯುತ್ತದೆ. ಆದರೆ ಸರ್ವೆ ಸಂಖ್ಯೆ, ಗ್ರಾಮ ಮತ್ತು ವರ್ಷಗಳ ಸೂಚಿ ತಪ್ಪಾದರೆ ಚಿತ್ರವಿದ್ದೂ ದಾಖಲೆ ಸಿಗದು.

ಆಸ್ತಿ ನೋಂದಣಿಗೆ ಬಳಸುವ ಕಾವೇರಿ ತಂತ್ರಾಂಶದ 2.0 ಆವೃತ್ತಿ 2023ರಲ್ಲಿ ಜಾರಿಗೆ ಬಂದಿತು. 2025ರ ಜನವರಿಯಲ್ಲಿ ಅದರ ಜಾಲತಾಣದ ಮೇಲೆ ಕೃತಕ ಬೇಡಿಕೆಗಳ ಮಹಾಪೂರ ಹರಿಸುವ ಡಿಡಿಒಎಸ್ ದಾಳಿ ನಡೆದು ನೋಂದಣಿ ಸೇವೆಗೆ ಅಡ್ಡಿಯಾಯಿತು. ಇಂತಹ ದಾಳಿ ದತ್ತಾಂಶವನ್ನು ಅಳಿಸುವುದಿಲ್ಲ, ಅದನ್ನು ತಲುಪದಂತೆ ಮಾಡುತ್ತದೆ. ಇದನ್ನು ಎದುರಿಸಲು ಬ್ಯಾಕಪ್‌ಗಿಂತ ಸೇವೆಯ ನಿರಂತರತೆಯ ಕ್ರಮಗಳು ಬೇಕಾಗುತ್ತವೆ.

### ಪ್ರವಾಹ ಮತ್ತು ಸ್ಥಳೀಯ ಪ್ರತಿಗಳು

2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಯಿಂದ ರಾಮನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಭಾಗಗಳು ಜಲಾವೃತವಾದವು. ಕಾಗದ, ಕಂಪ್ಯೂಟರ್ ಮತ್ತು ಬ್ಯಾಕಪ್ ಡಿಸ್ಕ್ ಮೂರೂ ಒಂದೇ ಕೋಣೆಯಲ್ಲಿದ್ದರೆ ಇಂತಹ ಸಂದರ್ಭದಲ್ಲಿ ಮೂರೂ ಒಟ್ಟಿಗೆ ಹಾಳಾಗುತ್ತವೆ. 3-2-1 ನಿಯಮದಲ್ಲಿ ಬೇರೆ ಸ್ಥಳದ ಪ್ರತಿಗೆ ಮಹತ್ವವಿರುವುದು ಇದಕ್ಕಾಗಿಯೇ.

### ಡಿಜಿಲಾಕರ್

2015ರ ಜುಲೈ 1ರಂದು ಆರಂಭವಾದ ಭಾರತ ಸರ್ಕಾರದ ಡಿಜಿಲಾಕರ್‌ನಲ್ಲಿ ಎರಡು ಬಗೆಯ ದಾಖಲೆಗಳಿರುತ್ತವೆ. ಮಂಡಳಿ ಅಥವಾ ಇಲಾಖೆಯೇ ನೀಡಿದ ದಾಖಲೆಗಳು ಆ ಸಂಸ್ಥೆಯ ಸಂಗ್ರಹದಿಂದ ಬರುತ್ತವೆ ಮತ್ತು ಮೂಲ ದಾಖಲೆಗೆ ಸಮಾನವಾದ ಮಾನ್ಯತೆ ಪಡೆದಿವೆ. ಬಳಕೆದಾರರು ತಾವೇ ಸೇರಿಸಿದ ಸ್ಕ್ಯಾನ್ ಪ್ರತಿಗಳಿಗೆ ಆ ಮಾನ್ಯತೆಯಿಲ್ಲ. ಅಂಕಪಟ್ಟಿಯ ಕಾಗದ ಕಳೆದ ವಿದ್ಯಾರ್ಥಿಗೆ ಮೊದಲ ಬಗೆಯದು ನೆರವಾಗುತ್ತದೆ.

## ಕನ್ನಡ ಕಡತಗಳ ವಿಶೇಷ ಸಮಸ್ಯೆಗಳು

ಕಡತ ಉಳಿದರಷ್ಟೇ ಸಾಲದು, ಅದನ್ನು ಓದಲೂ ಆಗಬೇಕು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಉಳಿಯುತ್ತಿದ್ದವು. ಅಂತಹ ಹಳೆಯ ಕಡತವನ್ನು ಬ್ಯಾಕಪ್‌ನಿಂದ ಮರಳಿಸಿ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಹಾಳಾಗಿದೆಯೆಂದು ಭಾವಿಸಿ ಅಳಿಸುವ ಅಪಾಯವೂ ಇದೆ. ಸೂಕ್ತ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಮೂಲ ಕಡತ ಹಾಗೂ ಪಿಡಿಎಫ್ ಪ್ರತಿಗಳೆರಡನ್ನೂ ಇಡುವುದು ಸುರಕ್ಷಿತ. ಫಾಂಟ್‌ಗೆ ಅನುಗುಣವಾದ ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸ್ಥಾನಪಲ್ಲಟವಾಗುವ ಸಾಧ್ಯತೆಯಿರುವುದರಿಂದ ಹೆಸರು ಮತ್ತು ಸರ್ವೆ ಸಂಖ್ಯೆಗಳನ್ನು ಕಣ್ಣಾರೆ ತಾಳೆ ನೋಡಬೇಕಾಗುತ್ತದೆ.

ಯೂನಿಕೋಡ್‌ನಲ್ಲಿಯೂ 'ಕೊ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳ ಜೋಡಣೆಯಾಗಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಕೆಲವು ವ್ಯವಸ್ಥೆಗಳು ಅವನ್ನು ಬೇರೆ ಕಡತನಾಮಗಳೆಂದು ಪರಿಗಣಿಸುತ್ತವೆ. ಒಂದೇ ಹೆಸರಿನ ಎರಡು ಕಡತಗಳು ಕಾಣಿಸಿಕೊಳ್ಳಲು ಅಥವಾ ಹುಡುಕಾಟ ವಿಫಲವಾಗಲು ಇದು ಕಾರಣವಾಗಬಹುದು.

## ಪ್ರಮುಖ ಘಟನೆಗಳು

* ಗಿಟ್‌ಲ್ಯಾಬ್, 2017: ಜನವರಿ 31ರಂದು ತಂತ್ರಜ್ಞರೊಬ್ಬರು ತಪ್ಪು ಸರ್ವರ್‌ನ ದತ್ತಾಂಶವನ್ನು ಅಳಿಸಿದರು. ನಿಯಮಿತ ಬ್ಯಾಕಪ್ ಬಹುಕಾಲದಿಂದ ವಿಫಲವಾಗುತ್ತಿದ್ದುದು ಆಗಲೇ ತಿಳಿಯಿತು. ಆರು ಗಂಟೆ ಮುಂಚೆ ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಮರಳಿಸಲಾಯಿತು. ನಡುವಿನ ಸುಮಾರು ಆರು ಗಂಟೆಗಳ ದತ್ತಾಂಶ ನಷ್ಟವಾಯಿತು.
* ಓವಿಎಚ್‌ಕ್ಲೌಡ್, 2021: ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿಯಿಡದ ಗ್ರಾಹಕರು ದತ್ತಾಂಶ ಕಳೆದುಕೊಂಡರು.
* ದೆಹಲಿಯ ಏಮ್ಸ್, 2022: ನವೆಂಬರ್ 23ರಂದು ನಡೆದ ಸೈಬರ್ ದಾಳಿಯಲ್ಲಿ ಸರ್ವರ್‌ಗಳ ದತ್ತಾಂಶ ಗೂಢಲಿಪೀಕೃತವಾಯಿತು. ದಾಳಿಗೆ ಒಳಗಾಗದ ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ದತ್ತಾಂಶವನ್ನು ಮರಳಿ ಪಡೆಯಲಾಯಿತು. ಅಲ್ಲಿಯವರೆಗೆ ಆಸ್ಪತ್ರೆಯ ಕೆಲಸ ಕಾಗದದಲ್ಲಿ ನಡೆಯಿತು.
* ಯೂನಿಸೂಪರ್, 2024: ಆಸ್ಟ್ರೇಲಿಯಾದ ಈ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿ ಸಂರಚನಾ ದೋಷದಿಂದ ಅಳಿದುಹೋಯಿತು. ಬೇರೆ ಸೇವಾದಾರರ ಬಳಿ ಇರಿಸಿದ್ದ ಪ್ರತಿಗಳೂ ಮರುಸ್ಥಾಪನೆಗೆ ನೆರವಾದವು.
* ದಕ್ಷಿಣ ಕೊರಿಯಾದ ಜಿ-ಡ್ರೈವ್, 2025: ಸೆಪ್ಟೆಂಬರ್ 26ರಂದು ಡೇಜಾನ್‌ನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿಯಲ್ಲಿ ಸರ್ಕಾರಿ ನೌಕರರ ಕಡತ ಹಂಚಿಕೆ ವೇದಿಕೆಯ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದರ ಹೊರ ಬ್ಯಾಕಪ್ ಇಡಲಾಗಿರಲಿಲ್ಲ.

## ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 4ನೆಯ ವಿಧಿ ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ನೀಡುತ್ತದೆ. 7ನೆಯ ವಿಧಿಯ ಪ್ರಕಾರ, ಕಾಯ್ದಿಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿ ಇಡುವುದಾದರೆ ಅದು ಮುಂದೆಯೂ ಬಳಸಲು ದೊರೆಯುವಂತಿರಬೇಕು. ಅನುಮತಿಯಿಲ್ಲದೆ ಇತರರ ಕಂಪ್ಯೂಟರ್ ದತ್ತಾಂಶವನ್ನು ಅಳಿಸುವುದು 43ನೆಯ ವಿಧಿಯಡಿ ಪರಿಹಾರಕ್ಕೂ, ದುರುದ್ದೇಶವಿದ್ದರೆ 66ನೆಯ ವಿಧಿಯಡಿ ಶಿಕ್ಷೆಗೂ ಗುರಿಯಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ವಿಧಿಯಡಿ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಸಲ್ಲಿಸುವಾಗ ನೀಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸಂಸ್ಥೆಗಳು ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಲಾಗ್‌ಗಳನ್ನು 180 ದಿನ ಉಳಿಸಬೇಕೆಂದೂ ವಿಧಿಸುತ್ತವೆ.

## ಮಿತಿಗಳು

ಬ್ಯಾಕಪ್ ಪ್ರತಿಗಳು ಹೆಚ್ಚಿದಷ್ಟೂ ಖಾಸಗಿ ಮಾಹಿತಿ ಸೋರುವ ಅವಕಾಶಗಳೂ ಹೆಚ್ಚುತ್ತವೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಅಥವಾ ವಿದ್ಯಾರ್ಥಿಗಳ ಮಾಹಿತಿಯಿರುವ ಪ್ರತಿಗಳನ್ನು ಗೂಢಲಿಪೀಕರಿಸಿ ಇಡಬೇಕಾಗುತ್ತದೆ. ಆದರೆ ಅದರ ಕೀಲಿಪದ ಕಳೆದರೆ ಪ್ರತಿಯೇ ನಿರುಪಯುಕ್ತವಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಉದ್ದೇಶ ಪೂರೈಸಿದ ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕೆಂದು ಹೇಳುತ್ತದೆ. ಆದ್ದರಿಂದ ಯಾವುದನ್ನು ಎಷ್ಟು ಕಾಲ ಇಡಬೇಕೆಂಬ ನಿರ್ಧಾರವೂ ಬ್ಯಾಕಪ್ ಯೋಜನೆಯ ಭಾಗವಾಗಿರುತ್ತದೆ. ಪೆನ್‌ಡ್ರೈವ್ ಮತ್ತು ಹಾರ್ಡ್ ಡಿಸ್ಕ್‌ಗಳು ವರ್ಷಗಳು ಕಳೆದಂತೆ ಕೆಡುವುದರಿಂದ ಅವುಗಳಲ್ಲಿನ ಪ್ರತಿಗಳನ್ನು ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕಾಗುತ್ತದೆ. ಸೇವಾದಾರರು ತಮ್ಮ ನೀತಿಗಳನ್ನು ಬದಲಿಸುತ್ತಿರುವುದರಿಂದ ಮೇಲೆ ನೀಡಿದ ಅವಧಿಗಳು ಖಾತೆಯ ಬಗೆ ಮತ್ತು ನಿರ್ವಾಹಕರ ಆಯ್ಕೆಗಳಿಗೆ ತಕ್ಕಂತೆ ಬೇರೆಯಾಗಬಹುದು.